ಬಾಟಿಕ್ ಮಾರಿ ಕೊಂಡ ಕಡಲ ದಂಡೆ

ಪ್ರಶ್ನೆ: ಶಿವಾರಪಟ್ಟಣದ ನಾವು ಐದಾರು ಯುವ ಶಿಲ್ಪಿಗಳು ಸೇರಿ ಜಾಗ ಕೊಂಡು ಸಂಘ ಕಟ್ಟಬೇಕೆಂದಿದ್ದೇವೆ. ಚೆನ್ನೈ ಬಳಿಯ ಚೋಳಮಂಡಲವೆಂಬ ಕಲಾವಿದರ ಹಳ್ಳಿಯನ್ನು ಕಲಾವಿದರೇ ಕಟ್ಟಿ ನಡೆಸಿದರಂತೆ. ಹಣ ಎಲ್ಲಿಂದ ಬಂತು? ಶಿಲ್ಪಿಗಳಿಗೆ ಅದರಿಂದ ಏನು ದಕ್ಕಿತು?
– ಒಬ್ಬ ಓದುಗ, ಮಾಲೂರು ತಾಲ್ಲೂಕು

ಉತ್ತರ: ಹಣ ಬಂದದ್ದು ಬಟ್ಟೆಯಿಂದ. ಮದ್ರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಅವರಿಗೆ ಒಂದು ಕೊರಗಿತ್ತು. ಒಳ್ಳೊಳ್ಳೆಯ ವಿದ್ಯಾರ್ಥಿಗಳು ಕಲಿಕೆ ಮುಗಿಸಿ, ಹೊಟ್ಟೆಪಾಡಿಗೆ ಯಾವುದೋ ನೌಕರಿ ಹಿಡಿದು ಕಲೆಯನ್ನೇ ಬಿಡುತ್ತಿದ್ದರು. ಹಾಗಾಗಿ ಗುರು ಶಿಷ್ಯರು ಕೂಡಿ ಕರಕುಶಲ ಸಂಘವೊಂದನ್ನು ಮಾಡಿಕೊಂಡರು. ಕಾಯಿಸಿದ ಮೇಣದಿಂದ ಬಟ್ಟೆಯ ಮೇಲೆ ಚಿತ್ರ ಬರೆದು, ಬಣ್ಣದಲ್ಲಿ ಅದ್ದುವುದು. ಮೇಣ ಬಿರಿದಲ್ಲಿ ಬಣ್ಣ ಇಳಿದು ಕೂದಲೆಳೆಯಂಥ ಗೆರೆ ಮೂಡುವುದು. ಆ ಬಾಟಿಕ್ ಚೆನ್ನಾಗಿ ಮಾರಾಟವಾಯಿತು. ಆ ದುಡ್ಡಿನಲ್ಲಿ 1966ರಲ್ಲಿ ನಗರದ ದಕ್ಷಿಣಕ್ಕೆ, ಇಂಜಂಬಾಕ್ಕಂನ ಕಡಲ ಬದಿಯಲ್ಲಿ ಸುಮಾರು 10 ಎಕರೆ ಮರಳು ನೆಲ ಕೊಂಡರು. ಗುಡಿಸಲು ಹಾಕಿಕೊಂಡು ಶುರು ಮಾಡಿದರು.

ಅಲ್ಲಿದ್ದವರೆಲ್ಲ ಶಿಲ್ಪಿಗಳಲ್ಲ, ಚಿತ್ರಕಾರರೂ ಇದ್ದರು. ಆದರೆ ಸ್ವಂತ ನೆಲದ ಬೆಲೆ ಶಿಲ್ಪಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ನಾನು ದೇವರ ಕವಚ ಮಾಡಿ ಬದುಕಿದವನು. ಅರಗಿನ ಮೇಲೆ ತಾಮ್ರದ ತಗಡು ಕೂರಿಸಿ ಹಿಂದಿನಿಂದ ಬಡಿದರೆ ಮುಂದೆ ಮೂಗು ಏಳುತ್ತದೆ, ಹುಬ್ಬು ಏಳುತ್ತದೆ. ಆ ಸದ್ದಿನ ದೆಸೆಯಿಂದ ಮೂರು ಬಾಡಿಗೆ ಮನೆ ಬಿಟ್ಟಿದ್ದೇನೆ. ಚೋಳಮಂಡಲದಲ್ಲಿ ಸುತ್ತಿಗೆಯ ಸದ್ದಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಪಿ.ವಿ. ಜಾನಕಿರಾಮ್ ಅವರು ನಮ್ಮ ಕವಚದ ಕೆಲಸವನ್ನೇ ಹೊಸ ಶಿಲ್ಪಕ್ಕೆ ತಂದರು: ಬಡಿದ ತಗಡು, ಅದರ ಮೇಲೆ ಗೆರೆಯಂತೆ ಬೆಸೆದ ತಂತಿ. ಗರ್ಭಗುಡಿಯ ದೇವರ ಹಾಗೆ ಆ ಶಿಲ್ಪಗಳು ಎದುರಿಗೆ ನಿಂತು ನೋಡಬೇಕಾದವು. ಪಣಿಕ್ಕರ್ ಅವರ ಮಗ ಎಸ್. ನಂದಗೋಪಾಲ್ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1946ರಲ್ಲಿ. ಭೌತಶಾಸ್ತ್ರ ಓದಿ ಆಮೇಲೆ ಶಿಲ್ಪಕ್ಕೆ ಬಂದವರು. ತಾಮ್ರ, ಹಿತ್ತಾಳೆಗಳಲ್ಲಿ ದೊಡ್ಡ ದೊಡ್ಡ ಆಕೃತಿಗಳನ್ನು ಬೆಸೆದರು. 1977ರಲ್ಲಿ ತಂದೆ ತೀರಿಕೊಂಡ ಮೇಲೂ ಹಳ್ಳಿ ಚದುರಲಿಲ್ಲ. 2017ರಲ್ಲಿ ಸಾಯುವವರೆಗೂ ನಂದಗೋಪಾಲ್ ಅದರ ಹಿಂದೆ ನಿಂತಿದ್ದರು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನಿಮ್ಮ ಬಾಟಿಕ್ ಯಾವುದು ಎಂದು ಮೊದಲು ಕೂತು ಮಾತಾಡಿಕೊಳ್ಳಿ. ದೇವಸ್ಥಾನಗಳ ವಿಗ್ರಹದ ಕೆಲಸ ನಿಮ್ಮೂರಿಗೆ ಬಂದೇ ಬರುತ್ತದೆ. ಅದನ್ನು ಕೀಳಾಗಿ ಕಾಣಬೇಡಿ. ಒಂದೊಂದು ವಿಗ್ರಹ ಹೋದಾಗಲೂ ಒಂದು ಪಾಲನ್ನು ಸಂಘದ ಖಾತೆಗೆ ಹಾಕಿ, ಸಣ್ಣದಾದರೂ ತಪ್ಪಿಸದೆ ಹಾಕಿ. ಜಾಗವನ್ನು ಸಂಘದ ಹೆಸರಿಗೇ ಬರೆಸಿ; ಒಬ್ಬರ ಹೆಸರಿನಲ್ಲಿ ಕೊಂಡು ಆಮೇಲೆ ನೋಡೋಣ ಎಂದರೆ ಜಗಳಕ್ಕೆ ಅಂದೇ ಅಡಿಪಾಯ ಹಾಕಿದಂತೆ. ಅನುದಾನಕ್ಕೆ ಅರ್ಜಿ ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಅದು ಬರಲೆಂದು ಕಾಯುತ್ತಾ ಕೂರಬೇಡಿ.

ಅದಕ್ಕೂ ಮೊದಲು ಎಲ್ಲರೂ ಒಟ್ಟಿಗೆ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಮಹಾಬಲಿಪುರಕ್ಕೆ ಹೋಗುವ ಕಡಲ ರಸ್ತೆಯಲ್ಲೇ ಇದೆ. 2009ರಿಂದ ವಸ್ತುಸಂಗ್ರಹಾಲಯವೂ ಇದೆ. ನಂದಗೋಪಾಲ್ ಅವರ ಶಿಲ್ಪದ ಮುಂದೆ ನಿಂತು ನೋಡಿಯಾದ ಮೇಲೆ ಹಿಂದಕ್ಕೂ ಹೋಗಿ. ಎಲ್ಲಿ ಬೆಸೆದಿದ್ದಾರೆ, ಭಾರ ಎಲ್ಲಿ ಹೊರಿಸಿದ್ದಾರೆ ಎನ್ನುವುದು ಅಲ್ಲಿ ಕಾಣುತ್ತದೆ.