ನಿದ್ದೆಯಲ್ಲಿ ಬರುವ ಮೂರ್ಛೆ: ಕಂಡವರ ಮಾತು ವೈದ್ಯರಿಗೆ ತಲುಪಬೇಕು

ನಿದ್ದೆಯಲ್ಲಿ ಮಾತ್ರ ಮೂರ್ಛೆ ಬರುವವರು ಆಪ್ತಸಲಹೆಗೆ ಬಂದಾಗ, ಹಗಲಿನಲ್ಲಿ ಏನೂ ಆಗದಿರುವಾಗ ಮಾತ್ರೆ ಏಕೆ ಬೇಕೆಂದು ಮತ್ತೆ ಮತ್ತೆ ಕೇಳುತ್ತಾರೆ. ಗುರುತು ಮರೆಸಿ ಬರೆಯುತ್ತಿರುವ ಈ ಪ್ರಕರಣದಲ್ಲಿ, ಹಲವು ತಿಂಗಳಿಂದ ಒಮ್ಮೆಯೂ ಫಿಟ್ಸ್ ಬಂದಿಲ್ಲವೆಂದು ವೈದ್ಯರಿಗೆ ತಿಳಿಸಿದ್ದ ಪತಿ, ಮಾತ್ರೆಯನ್ನು ತಾವಾಗಿಯೇ ದಿನ ಬಿಟ್ಟು ದಿನ ನುಂಗತೊಡಗಿದ್ದರು.

ಮುಂದಿನ ಭೇಟಿಗೆ ಪತ್ನಿಯನ್ನೂ ಕರೆತರಲು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಪತಿಯತ್ತ ನೋಡದೆಯೇ, "ಬಂದಿಲ್ಲ ಅಂತ ಇವರು ಅಂದುಕೊಂಡಿದ್ದಾರೆ ಮೇಡಂ. ರಕ್ತ ಅಂಟಿದ ದಿಂಬಿನ ಕವರನ್ನು ಇವರು ಏಳುವ ಮೊದಲೇ ಬದಲಾಯಿಸಿಬಿಡ್ತೀನಿ" ಎಂದರು. ಪತಿ ಧೈರ್ಯಗೆಡಬಾರದೆಂದು ಅವರು ಹಾಗೆ ಮಾಡುತ್ತಿದ್ದರು. ನಾಲಿಗೆಯ ಅಂಚಿನ ಗಾಯವನ್ನು ಬಾಯಿಹುಣ್ಣೆಂದೂ ಬೆಳಗಿನ ಮೈಕೈ ನೋವನ್ನು ದಣಿವೆಂದೂ ತಿಳಿದಿದ್ದ ಪತಿ ಅಂದು ಮೊದಲ ಬಾರಿಗೆ, "ಎಷ್ಟು ಸಲ?" ಎಂದು ಕೇಳಿದರು.

ಇಬ್ಬರೂ ಕೂಡಿಯೇ ನರರೋಗ ತಜ್ಞರನ್ನು ಕಾಣಬೇಕು, ಕಂಡದ್ದನ್ನು ದಿನಾಂಕ ಸಹಿತ ಬರೆದಿಡಬೇಕು, ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಬೇಕು ಎಂದು ಸಲಹೆ ನೀಡಿದೆ. ಅದರೊಂದಿಗೆ, ಅಪಸ್ಮಾರ, ಅಂದರೆ ಮೂರ್ಛೆರೋಗ, ಇರುವ ವಯಸ್ಕರಲ್ಲಿ ವರ್ಷಕ್ಕೆ ಸುಮಾರು 1,000ಕ್ಕೆ ಒಬ್ಬರು ಹಠಾತ್ತನೆ ಸಾಯುತ್ತಾರೆಂಬುದನ್ನೂ, ಇದು ಹೆಚ್ಚಾಗಿ ನಿದ್ದೆಯಲ್ಲಿ ಸಂಭವಿಸುತ್ತದೆಂಬುದನ್ನೂ, ಮೈಯೆಲ್ಲ ಸೆಟೆದು ಅದುರುವ ಮೂರ್ಛೆ ಹತೋಟಿಗೆ ಬಾರದವರಲ್ಲಿ ಅಪಾಯ ಹೆಚ್ಚೆಂಬುದನ್ನೂ ಮುಚ್ಚಿಡದೆ ಹೇಳಿದೆ. ಹೀಗೆ ಹೇಳಿ ಹೆದರಿಸುವುದು ತರವೇ ಎಂದು ಆಕ್ಷೇಪಿಸುವವರಿದ್ದಾರೆ. ಆದರೆ ಆ ಪತ್ನಿ ಆಗಲೇ ರಾತ್ರಿಯೆಲ್ಲ ಹೆದರಿಯೇ ಎಚ್ಚರವಿರುತ್ತಿದ್ದರು; ಮಾತ್ರೆ ತಪ್ಪಿಸುವುದರಿಂದ ಅಪಾಯ ಏರುತ್ತದೆ, ತಪ್ಪದೆ ನುಂಗಿದರೆ ಇಳಿಯುತ್ತದೆ ಎಂಬುದು ತಿಳಿಯದೆ ಪತಿ ಸರಿಯಾದ ನಿರ್ಧಾರ ಮಾಡುವುದಾದರೂ ಹೇಗೆ?

ಭರವಸೆಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿದೆ. ಅಪಸ್ಮಾರವಿರುವವರಲ್ಲಿ ಸುಮಾರು ಮೂರನೆಯ ಎರಡು ಭಾಗದಷ್ಟು ಜನರಿಗೆ ಔಷಧದಿಂದಲೇ ಮೂರ್ಛೆ ನಿಲ್ಲುತ್ತದೆ. ವರ್ಷಗಳ ಕಾಲ ನಿದ್ದೆಯಲ್ಲಿ ಮಾತ್ರ ಬಂದದ್ದು ಹೆಚ್ಚಿನವರಲ್ಲಿ ಹಾಗೆಯೇ ಉಳಿಯುತ್ತದೆ. ಆದರೂ ಕೆಲವರಿಗೆ, ಅದರಲ್ಲೂ ಔಷಧ ಇಳಿಸಿದಾಗ, ಎಚ್ಚರದಲ್ಲೂ ಬರಬಹುದು. ಮಾತ್ರೆ ನಿಲ್ಲಿಸುವ ಯೋಚನೆ ಸಾಮಾನ್ಯವಾಗಿ ಕನಿಷ್ಠ 2 ವರ್ಷ ಮೂರ್ಛೆಯಿಲ್ಲದೆ ಕಳೆದ ಮೇಲಷ್ಟೇ ಬರುತ್ತದೆ, ಅದೂ ವೈದ್ಯರ ನಿಗಾದಲ್ಲಿ, ಹಂತ ಹಂತವಾಗಿ.

ಪತ್ನಿಗೆ ಬೇರೆಯಾಗಿ ಹೇಳಬೇಕಾದದ್ದಿತ್ತು. ಮೂರ್ಛೆ ಬಂದಾಗ ಬಾಯಿಗೆ ಏನನ್ನೂ ತುರುಕದೆ, ಅದುರುವಿಕೆ ನಿಂತೊಡನೆ ಪಕ್ಕಕ್ಕೆ ಮಗ್ಗುಲಾಗಿಸಿ, ಉಸಿರಾಟ ಗಮನಿಸಬೇಕು; ಅದುರುವಿಕೆ 5 ನಿಮಿಷ ಮೀರಿದರೆ ಆಂಬುಲೆನ್ಸ್ ಕರೆಯಬೇಕು. ಅದೇ ಕೋಣೆಯಲ್ಲಿ ಮಲಗಿರುವುದೇ ದೊಡ್ಡ ಆಸರೆ, ರಾತ್ರಿಯಿಡೀ ಕಾವಲು ಕೂರಬೇಕಾಗಿಲ್ಲ ಎಂದಾಗ ಅವರು, "ಹಾಗಾದರೆ ನಾನು ನಿದ್ದೆ ಮಾಡಬಹುದಾ?" ಎಂದು ಕೇಳಿದರು. ಮಾಡಲೇಬೇಕೆಂದೆ.