ಬೆಚ್ಚಗಾದರೆ ಮುದುಡುವ ಪಾಲಿಮರ್

ಪ್ರಶ್ನೆ: ಎಂಎಸ್ಸಿ ಓದುವ ನನ್ನ ಮಗಳು, ವೈರಸ್ ಇಲ್ಲದೆ ಬರೀ ಪಾಲಿಮರ್‌ನಿಂದಲೇ ಜೀನನ್ನು ಜೀವಕೋಶಕ್ಕೆ ಸಾಗಿಸಬಹುದು, ಅದಕ್ಕೆ ಬಿಸಿ-ತಂಪು ಗೊತ್ತಾಗುತ್ತದೆ ಅನ್ನುತ್ತಾಳೆ. ನಿಜವೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಜ ಅಕ್ಕಾ. ಪುಣೆಯಲ್ಲಿ ಲ್ಯಾಬ್ ಕೆಲಸಕ್ಕೆ ಸೇರಿದ ಹೊಸತು. ಪಿನಿಪಾಮ್ ಅನ್ನುವ ಪಾಲಿಮರನ್ನು (ಪಾಲಿಮರ್ ಅಂದರೆ ಉದ್ದನೆಯ ಎಳೆಯಂಥ ಅಣು) ನೀರಲ್ಲಿ ಕರಗಿಸಿ ಇಟ್ಟಿದ್ದೆ. ಮೇ ತಿಂಗಳು, ಎಸಿ ಕೈಕೊಟ್ಟಿತು. ಮಧ್ಯಾಹ್ನ ನೋಡಿದರೆ ಬಾಟಲಿ ತುಂಬ ಅಕ್ಕಿ ತೊಳೆದ ನೀರು! ಕೆಟ್ಟೇ ಹೋಯಿತು ಅಂದುಕೊಂಡೆ. ಫ್ರಿಜ್‌ನಲ್ಲಿಟ್ಟರೆ ಮತ್ತೆ ತಿಳಿಯಾಯಿತು. ಸಕ್ಕರೆ ಬಿಸಿ ನೀರಲ್ಲಿ ಜಾಸ್ತಿ ಕರಗುತ್ತದೆ, ಇದು ಉಲ್ಟಾ. ಸುಮಾರು 32 ಡಿಗ್ರಿ ದಾಟಿದರೆ ಇದರ ಎಳೆಗಳು ನೀರಿನ ಸಹವಾಸ ಬಿಟ್ಟು ಮುದುಡಿಕೊಳ್ಳುತ್ತವೆ.

ಜೀನ್ ಅಂದರೆ ಡಿಎನ್‌ಎಯ ತುಂಡು. ಡಿಎನ್‌ಎಗೆ ಇರುವುದು ಋಣ ವಿದ್ಯುದಂಶ. ಪಾಲಿಮರ್‌ಗೆ ಧನ ಅಂಶ ಸೇರಿಸಿದರೆ ಎರಡೂ ಅಂಟಿಕೊಂಡು ಪುಟ್ಟ ಗಂಟಾಗುತ್ತವೆ. 37 ಡಿಗ್ರಿಯಲ್ಲಿ ಗಂಟು ಬಿಗಿ, ಡಿಎನ್‌ಎ ಜೋಪಾನ. ಜೀವಕೋಶದೊಳಗೆ ಹೋದ ಮೇಲೆ ಸ್ವಲ್ಪ ಹೊತ್ತು ತಂಪು ಮಾಡಿದರೆ ಗಂಟು ಸಡಿಲವಾಗಿ ಜೀನ್ ಹೊರಬೀಳುತ್ತದೆ.

ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಕ್ಕೆ ಇದೆಲ್ಲ ಸುಲಭ. ಮನುಷ್ಯನ ಲಿವರನ್ನು ತಂಪು ಮಾಡೋದು ಹೇಗೆ, ಅಲ್ವಾ? ಧನ ಅಂಶ ಜಾಸ್ತಿಯಾದರೆ ಜೀವಕೋಶವೇ ಸಾಯಬಹುದು. ಪಿನಿಪಾಮ್ ದೇಹದಲ್ಲಿ ಸುಲಭವಾಗಿ ಒಡೆದು ಹೋಗುವುದೂ ಇಲ್ಲ. ಜೀನ್ ಹೊತ್ತೊಯ್ಯಲು ಬಳಸುವ ವೈರಸ್ ಮೇಲೆ ದೇಹ ತಿರುಗಿಬೀಳುವ ಭಯವಿದೆ, ಒಪ್ಪುತ್ತೇನೆ. ಆದರೆ ಜೀನ್ ತಲುಪಿಸುವ ಚುರುಕು ಅದಕ್ಕೇ ಜಾಸ್ತಿ. ಇದನ್ನೂ ಮಗಳಿಗೆ ಹೇಳಿ, ಸುಮ್ನೆ ಜಗಳಕ್ಕೆ ಬರಲಿ.