ಸುಂಕದವನ ದೀನತೆಯನ್ನು ಕುರಿತು ಬರೆದವರಿಗೆ

ಕರ್ತನಲ್ಲಿ ಪ್ರಿಯ ಸಹೋದರರೇ, ವಂದನೆಗಳು.

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿರುವ ಸಾಮ್ಯದ ಮೇಲೆ, ದೇವಾಲಯದಲ್ಲಿ ತನ್ನ ನೀತಿಯನ್ನು ಎಣಿಸಿ ಹೇಳುವ ಫರಿಸಾಯ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ) ಮತ್ತು ಕರುಣೆ ಬೇಡುವ ಸುಂಕದವನ (ತೆರಿಗೆ ವಸೂಲಿಗಾರನ) ಕಥೆಯ ಮೇಲೆ, ತಾವು ಬರೆದ ಧ್ಯಾನವನ್ನು ಎರಡು ಸಲ ಓದಿದೆ. ದೂರದಲ್ಲಿ ನಿಂತು ಎದೆ ಬಡಿದುಕೊಳ್ಳುವ ಆ ಮನುಷ್ಯನನ್ನು ತಾವು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದೀರಿ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

"ಆದಕಾರಣ ನಾವೂ ಸುಂಕದವನಂತೆ ದೀನರಾಗೋಣ, ಆಗ ದೇವರು ನಮ್ಮನ್ನು ಅಂಗೀಕರಿಸುವನು" ಎಂದು ತಾವು ಮುಗಿಸಿದ್ದೀರಿ. ಈ ಒಂದು ವಾಕ್ಯದಲ್ಲಿ ದೇವರು ಉಚಿತವಾಗಿ ಕೊಡುವ ಸುವಾರ್ತೆ, ನಾವು ಮಾಡಿ ತೀರಿಸಬೇಕಾದ ಧರ್ಮಶಾಸ್ತ್ರವಾಗಿ ಬದಲಾಗಿದೆ. ಫರಿಸಾಯನು ಹೇಳಿಕೊಂಡ ವಾರಕ್ಕೆರಡು ಉಪವಾಸ, ದೇವರಿಗೆ ಕೊಡುವ ಹತ್ತರಲ್ಲೊಂದು ಪಾಲು ಇದ್ದ ಜಾಗದಲ್ಲಿ ದೀನತೆ ಎಂಬ ಹೊಸ ಪುಣ್ಯಕಾರ್ಯ ಬಂದು ಕುಳಿತಿದೆ. ಓದುಗನು "ದೇವರೇ, ನಾನು ಆ ಫರಿಸಾಯನಂತಲ್ಲ, ನಿನಗೆ ಸ್ತೋತ್ರ" ಎಂದುಕೊಂಡು ಪುಟ ಮಡಚುತ್ತಾನೆ. ತನ್ನನ್ನು ತಗ್ಗಿಸಿಕೊಳ್ಳುವವನು ಹೆಚ್ಚಿಸಲ್ಪಡುವನೆಂಬ ಮಾತು ಅದೇ ಅಧ್ಯಾಯದ 14ನೆಯ ವಚನದಲ್ಲಿದೆಯಲ್ಲವೇ ಎಂದು ತಾವು ಕೇಳಬಹುದು. ಇದೆ. ಆದರೆ ಸುಂಕದವನು ತನ್ನ ದೀನತೆಯನ್ನು ದೇವರ ಮುಂದೆ ಲೆಕ್ಕಕ್ಕೆ ಇಡಲಿಲ್ಲ. ಇಡುವುದಕ್ಕೆ ತನ್ನಲ್ಲಿ ಏನೂ ಇಲ್ಲವೆಂದೇ ಅವನು ಕರುಣೆಯನ್ನು ಬೇಡಿದನು.

ಆ ಬೇಡಿಕೆಯ ಪದದ ಬಳಿ ತಾವು ನಿಲ್ಲಬೇಕಾಗಿತ್ತು. ಗ್ರೀಕ್ ಮೂಲದಲ್ಲಿ ಅವನು ಹೇಳುವುದು 'ಹಿಲಾಸ್ಥೇತಿ' ಎಂದು, ಅಂದರೆ ಪಾಪವನ್ನು ಪರಿಹರಿಸಿ ಕರುಣಿಸು ಎಂದು. ಕ್ರಿಸ್ತನು ಮಹಾಯಾಜಕನಾಗಿ ಜನರ ಪಾಪಗಳಿಗೆ ಪ್ರಾಯಶ್ಚಿತ್ತ ಮಾಡುವನೆಂದು ಇಬ್ರಿಯರಿಗೆ ಬರೆದ ಪತ್ರಿಕೆಯ 2:17 ಹೇಳುವಾಗ ಬರುವುದೂ ಇದೇ ಕ್ರಿಯಾಪದ. ಯಜ್ಞವೇದಿಯಿದ್ದ ದೇವಾಲಯದಲ್ಲಿ ನಿಂತು ಅವನು ಇದನ್ನು ನುಡಿದನೆಂಬುದನ್ನು ನೆನೆದರೆ, ತಮ್ಮ ಐದು ಪುಟಗಳಲ್ಲಿ ಕ್ರಿಸ್ತನ ಶಿಲುಬೆ ಒಮ್ಮೆಯೂ ಬಾರದಿರುವುದು ಎಷ್ಟು ದೊಡ್ಡ ಕೊರತೆಯೆಂದು ತಮಗೇ ತಿಳಿಯುತ್ತದೆ. ಸುಂಕದವನು ನೀತಿವಂತನೆಂದು ನಿರ್ಣಯಿಸಲ್ಪಟ್ಟು ಮನೆಗೆ ಹೋದನು: ನಿರ್ಣಯಿಸಿದವನು ದೇವರು, ಸುಂಕದವನು ಅದನ್ನು ಪಡೆದವನು ಮಾತ್ರ. ಲೂಥರನ್ ಸಭೆಗಳ ನಂಬಿಕೆಯ ಮೂಲ ಹೇಳಿಕೆಯಾದ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣದ 4ನೆಯ ವಿಧಿ, ನಾವು ನೀತಿವಂತರೆನಿಸಿಕೊಳ್ಳುವುದು ಕ್ರಿಸ್ತನ ನಿಮಿತ್ತವಾಗಿ, ಉಚಿತವಾಗಿ, ನಂಬಿಕೆಯ ಮೂಲಕ ಎಂದು ಹೇಳುವುದು ಇದನ್ನೇ. ಸತ್ಕ್ರಿಯೆಗಳ ಮಾತು 6ನೆಯ ವಿಧಿಯಲ್ಲಿ, ಆ ನಂಬಿಕೆ ಕೊಡಲೇಬೇಕಾದ ಫಲವಾಗಿ ಬರುತ್ತದೆ. ತಮ್ಮ ಬರಹದಲ್ಲಿ ಈ ಕ್ರಮ ತಲೆಕೆಳಗಾಗಿದೆ.

ಫರಿಸಾಯನನ್ನು ತಾವು ಕಪಟಿ ಎಂದು ಕರೆದಿದ್ದೀರಿ. ಈ ಸಾಮ್ಯ ಹಾಗೆನ್ನುವುದಿಲ್ಲ. ಅವನು ಉಪವಾಸ ಮಾಡಿದ್ದು ಸುಳ್ಳಲ್ಲ, ಅವನು ದೇವರಿಗೆ ಸ್ತೋತ್ರವನ್ನೂ ಹೇಳುತ್ತಾನೆ. ಅವನನ್ನು ನಮ್ಮ ಸಭೆಯ ಮುಂದಿನ ಬೆಂಚಿನಲ್ಲಿ ಕೂರುವ ಸಜ್ಜನನಂತೆ ಚಿತ್ರಿಸಿದರೆ ಮಾತ್ರ ಈ ಸಾಮ್ಯ ನಮಗೆ ತಾಗುತ್ತದೆ.

ಇನ್ನೊಂದು ತಿದ್ದುಪಡಿ. 'ದೇವರ ನೀತಿ' ಎಂಬ ಪದವನ್ನು ತಾನು ಒಮ್ಮೆ ದ್ವೇಷಿಸುತ್ತಿದ್ದೆನೆಂಬ, ಸಭಾಸುಧಾರಕ ಮಾರ್ಟಿನ್ ಲೂಥರನ ಮಾತನ್ನು ತಾವು 1517ರಲ್ಲಿ ಬರೆದದ್ದೆಂದು ಕೊಟ್ಟಿದ್ದೀರಿ. ಅದು 1545ರಲ್ಲಿ, ಮರಣಕ್ಕೆ ಒಂದು ವರ್ಷ ಮೊದಲು, ತನ್ನ ಲ್ಯಾಟಿನ್ ಕೃತಿಗಳ ಮುನ್ನುಡಿಯಲ್ಲಿ ಹಿಂದಿರುಗಿ ನೋಡಿ ಬರೆದದ್ದು. ಉಳಿದ ಉದ್ಧರಣೆಗಳಲ್ಲಿ ಹೆಚ್ಚಿನವು ಬೇಡ, ವಚನವೇ ಮಾತಾಡಲಿ.

ಪ್ರತಿ ಭಾನುವಾರಕ್ಕೂ ವಚನಭಾಗ ಗೊತ್ತುಮಾಡುವ ಹಳೆಯ ಲೂಥರನ್ ಪಾಠಕ್ರಮದಲ್ಲಿ ಈ ಭಾಗವನ್ನು ತ್ರಯೈಕ್ಯ ಭಾನುವಾರದ (ಪಂಚಾಶತ್ತಮ ಹಬ್ಬದ ಮುಂದಿನ ಭಾನುವಾರದ) ನಂತರದ ಹನ್ನೊಂದನೆಯ ಭಾನುವಾರ ಓದುತ್ತಾರೆ. ಕೊನೆಯ ಎರಡು ಪುಟಗಳನ್ನು ಹೊಸದಾಗಿ ಬರೆದು ಅದಕ್ಕೆ ಒಂದು ತಿಂಗಳು ಮುಂಚೆ ಕಳುಹಿಸಿದರೆ, ಆ ವಾರದ ಪುಟವನ್ನು ತಮಗಾಗಿ ಕಾದಿರಿಸುತ್ತೇನೆ.